ಪಗ್ ಮರಿ ಕೊಳ್ಳುವ ಮೊದಲು ಅದರ ಅಪ್ಪ-ಅಮ್ಮನ ಡಿಎನ್‌ಎ ವರದಿ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರು, ಉಡುಪಿ ಕಡೆ ಪಗ್, ಶಿಟ್ಜು, ಮಾಲ್ಟೀಸ್‌ನಂಥ ಪುಟ್ಟ ತಳಿಯ ನಾಯಿಗಳು ಈಗ ಫ್ಲ್ಯಾಟ್‌ಗಳಲ್ಲೂ ಇವೆ, ತೋಟದ ಮನೆಗಳಲ್ಲೂ ಇವೆ. 2003ರ ಹಚ್ ಮೊಬೈಲ್ ಜಾಹೀರಾತಿನಿಂದ ಪಗ್ ಮನೆಮಾತಾಯಿತು. ಇಂದಿಗೂ ಅದಕ್ಕೆ ಬೇಡಿಕೆ ಇದೆ. ಇದೇ ತಳಿಗಳನ್ನು ಹರೆಯದಲ್ಲೇ ಬಲಿ ತೆಗೆದುಕೊಳ್ಳುವ ಮಿದುಳಿನ ಉರಿಯೂತವೊಂದಿದೆ. ಅದು ಬಂದಾಗ 'ಫಿಟ್ಸ್ ಬಂತು', 'ಯಾರೋ ವಿಷ ಹಾಕಿದರು', 'ಉಣ್ಣಿ ಜ್ವರ ತಲೆಗೆ ಏರಿತು' ಎಂದು ಹೇಳಿ ಮುಗಿಸುವುದೇ ಹೆಚ್ಚು. ಈ ಕಾಯಿಲೆಯ ಅಪಾಯದಲ್ಲಿ ದೊಡ್ಡ ಪಾಲು ವಂಶದಿಂದ ಬರುವಂಥದ್ದು. ಪಗ್‌ನಲ್ಲಿ ಅದನ್ನು ಕೆನ್ನೆಯ ಒಳಗಿನಿಂದ ತೆಗೆದ ಮಾದರಿಯಲ್ಲೇ ಪತ್ತೆ ಹಚ್ಚಬಹುದು. ಕ್ರಾಸ್ ಮಾಡಿಸುವಾಗ ಒಂದು ಸರಳ ನಿಯಮ ಪಾಲಿಸಿದರೆ ಹುಟ್ಟುವ ಮರಿಗಳಲ್ಲಿ ಅಪಾಯ ತಗ್ಗಿಸಲೂಬಹುದು. ನಾಯಿ ಸಾಕುವವರಿಗೂ ಮರಿ ಮಾಡಿಸುವವರಿಗೂ ಇದು ವಿವರವಾಗಿ ತಲುಪಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಕಾಯಿಲೆಯ ಹೆಸರು ನೆಕ್ರೊಟೈಸಿಂಗ್ ಮೆನಿಂಜೊಎನ್ಸೆಫಲೈಟಿಸ್, ಚಿಕ್ಕದಾಗಿ ಎನ್‌ಎಂಇ. ಮಿದುಳಿಗೂ ಅದರ ಹೊದಿಕೆಗೂ ಉರಿಯೂತ ಬಂದು, ಮುಮ್ಮಿದುಳಿನ ಅಂಗಾಂಶ ಅಲ್ಲಲ್ಲಿ ಸತ್ತು ಟೊಳ್ಳಾಗುತ್ತದೆ. ಇದಕ್ಕೆ ಕಾರಣವಾದ ಯಾವ ರೋಗಾಣುವೂ ಸಿಕ್ಕಿಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ಸ್ವಂತ ಮಿದುಳಿನ ಮೇಲೆ ತಿರುಗಿಬೀಳುತ್ತವೆ. ಹಾಗಾಗಿ ಇದು ಮನೆಯ ಮಕ್ಕಳಿಗಾಗಲಿ, ಪಕ್ಕದ ಮನೆಯ ನಾಯಿಗಾಗಲಿ ಹರಡುವುದಿಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಡಿ ಮತ್ತು ಹಾಲಿಡೇ ಎಂಬ ಸಂಶೋಧಕರು ಪಗ್‌ಗಳಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಆಮೇಲೆ ಮಾಲ್ಟೀಸ್, ಚಿಹುವಾಹುವಾ, ಪೆಕಿಂಗೀಸ್, ಶಿಟ್ಜು, ಲಾಸಾ ಆಪ್ಸೊಗಳಲ್ಲೂ ಕಂಡುಬಂತು. ಯಾರ್ಕ್‌ಶೈರ್ ಟೆರಿಯರ್ ಮತ್ತು ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಇದರದೇ ಬಂಧುವೊಂದು ಮಿದುಳಿನ ಬಿಳಿ ಭಾಗವನ್ನೂ ಮಿದುಳಕಾಂಡವನ್ನೂ ಹಿಡಿಯುತ್ತದೆ. ನಾಯಿ ಬದುಕಿರುವಾಗ ಇವುಗಳಲ್ಲಿ ಯಾವುದು ಎಂದು ಖಚಿತವಾಗಿ ಹೇಳಲು ಮಿದುಳಿನ ತುಣುಕೇ ಬೇಕು. ಅದು ಸುಲಭವಲ್ಲದ ಕಾರಣ ವೈದ್ಯರು ಎಲ್ಲವನ್ನೂ ಸೇರಿಸಿ ಎಂಯುಇ ಎನ್ನುತ್ತಾರೆ. ನಿಮ್ಮ ನಾಯಿಯ ಚೀಟಿಯಲ್ಲಿ ಆ ಮೂರಕ್ಷರ ಕಂಡರೆ, ಸೋಂಕಿನದ್ದಲ್ಲದ ಮಿದುಳಿನ ಉರಿಯೂತದ ಗುಮಾನಿ ಇದೆ ಎಂದು ತಿಳಿಯಿರಿ.

2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎನ್‌ಎಂಇ ಇದ್ದ 60 ಪಗ್‌ಗಳ ದಾಖಲೆ ನೋಡಿತು. ಲಕ್ಷಣ ಶುರುವಾದಾಗ ಅರ್ಧದಷ್ಟು ನಾಯಿಗಳ ವಯಸ್ಸು ಒಂದೂವರೆ ವರ್ಷ ಅಥವಾ ಅದಕ್ಕಿಂತ ಕಡಿಮೆ. ಹೆಣ್ಣು ನಾಯಿಗಳಲ್ಲಿ, ಬಿಸ್ಕತ್ ಬಣ್ಣದವುಗಳಲ್ಲಿ, ಏಳು ವರ್ಷದೊಳಗಿನವುಗಳಲ್ಲಿ ಹೆಚ್ಚು. ಲಕ್ಷಣ ಕಂಡ ಮೇಲೆ ಅರ್ಧದಷ್ಟು ನಾಯಿಗಳು ಮೂರು ತಿಂಗಳು ದಾಟಲಿಲ್ಲ. ಏನಾದರೂ ಚಿಕಿತ್ಸೆ ಸಿಕ್ಕವು ಏನೂ ಸಿಗದವುಗಳಿಗಿಂತ ಹೆಚ್ಚು ಕಾಲ ಬದುಕಿದವು.

ಈಗ ವಂಶವಾಹಿಯ ವಿಷಯ. ನಾಯಿಗೆ 39 ಜೊತೆ ವರ್ಣತಂತುಗಳಿವೆ. 12ನೆಯ ವರ್ಣತಂತುವಿನಲ್ಲಿ ಡಿಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ಮನುಷ್ಯರಲ್ಲಿ ಎಚ್‌ಎಲ್‌ಎ ಎಂಬ ಗುಂಪು ಮಾಡುವ ಕೆಲಸವನ್ನೇ ನಾಯಿಯಲ್ಲಿ ಇದು ಮಾಡುತ್ತದೆ. ಇದರ ಎರಡನೇ ವರ್ಗದ ಅಣುಗಳು ಪ್ರೋಟೀನ್ ಚೂರುಗಳನ್ನು ಹಿಡಿದು ಟಿ ಕಣಗಳೆಂಬ ರಕ್ಷಣಾ ಕಣಗಳಿಗೆ ತೋರಿಸುತ್ತವೆ. ಇದು ನಮ್ಮದೋ ಹೊರಗಿನದೋ ಎಂಬ ತೀರ್ಮಾನ ಟಿ ಕಣದ್ದು. ಅಣುವಿನ ಆಕಾರ ಸ್ವಲ್ಪ ಬದಲಾದರೂ ಅದು ಹಿಡಿಯುವ ಚೂರು ಬದಲಾಗುತ್ತದೆ, ತೀರ್ಮಾನವೂ ಬದಲಾಗಬಹುದು. 2010ರಲ್ಲಿ ಗ್ರೀರ್ ಮತ್ತು ಸಹ ಸಂಶೋಧಕರು ಪಗ್‌ಗಳ ಎನ್‌ಎಂಇಗೂ ಡಿಎಲ್‌ಎ ಎರಡನೇ ವರ್ಗದ ಒಂದು ನಿರ್ದಿಷ್ಟ ಮಾದರಿಗೂ ನಂಟಿರುವುದನ್ನು ತೋರಿಸಿದರು. ರಕ್ಷಣಾ ಕಣಗಳೇ ಮಿದುಳು, ಬೆನ್ನುಹುರಿಗೆ ಘಾಸಿ ಮಾಡುವ, ಮನುಷ್ಯರ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲೂ ಅತಿ ಬಲವಾದ ವಂಶವಾಹಿ ನಂಟು ಕಾಣುವುದು ಎಚ್‌ಎಲ್‌ಎ ಪ್ರದೇಶದಲ್ಲೇ. ಮಾರನೇ ವರ್ಷ ಇಡೀ ಜೀನೋಮನ್ನು ಜಾಲಾಡಿದ ಇನ್ನೊಂದು ತಂಡಕ್ಕೂ ಸಿಕ್ಕಿದ್ದು ಇದೇ ಜಾಗ.

2011ರಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೆಡರ್ಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಯ ರೂಪಕ್ಕೆ ತಂದರು. ವರದಿಯಲ್ಲಿ ಮೂರು ಬಗೆಯ ಫಲಿತಾಂಶ ಬರುತ್ತದೆ. ಅಪಾಯದ ಮಾದರಿ ತಾಯಿಯಿಂದಲೂ ತಂದೆಯಿಂದಲೂ ಬಂದಿದ್ದರೆ ಎಸ್/ಎಸ್, ಒಬ್ಬರಿಂದ ಮಾತ್ರ ಬಂದಿದ್ದರೆ ಎನ್/ಎಸ್, ಇಲ್ಲವೇ ಇಲ್ಲವಾದರೆ ಎನ್/ಎನ್. ಎಸ್/ಎಸ್ ಇರುವ ಪಗ್‌ಗೆ ಜೀವಮಾನದಲ್ಲಿ ಎನ್‌ಎಂಇ ಬರುವ ಅಪಾಯ ಉಳಿದವುಗಳ 12.75 ಪಟ್ಟು. ಎನ್/ಎಸ್ ಮತ್ತು ಎನ್/ಎನ್ ಎರಡರಲ್ಲೂ ಅಪಾಯ ಕಡಿಮೆ. ಅಮೆರಿಕದ ಪಗ್‌ಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಈ ಮಾದರಿ ಒಂದಾದರೂ ಇತ್ತು, ಸುಮಾರು 11ರಲ್ಲಿ ಎರಡಿದ್ದವು.

12.75 ಪಟ್ಟು ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಈ ಲೆಕ್ಕವನ್ನು ಬಿಡಿಸಿಯೇ ಹೇಳಬೇಕು. ಸಾವಿರ ಪಗ್‌ಗಳಿವೆ ಎಂದುಕೊಳ್ಳಿ. ನೂರಕ್ಕೆ ಒಂದರಂತೆ ಹತ್ತಕ್ಕೆ ಎನ್‌ಎಂಇ ಬರುತ್ತದೆ ಎಂದಿಟ್ಟುಕೊಳ್ಳಿ. ಅಮೆರಿಕದ ಪ್ರಮಾಣದಂತೆ ಆ ಸಾವಿರದಲ್ಲಿ 110 ಎಸ್/ಎಸ್. ಕಾಯಿಲೆ ಬಂದ ಹತ್ತರಲ್ಲಿ ಹೆಚ್ಚುಕಡಿಮೆ ಆರು ಈ 110ರಲ್ಲಿ ಸೇರಿರುತ್ತವೆ, ನಾಲ್ಕು ಉಳಿದ 890ರಲ್ಲಿ. ಅಂದರೆ ಎಸ್/ಎಸ್ ಇದ್ದರೂ 104 ನಾಯಿಗಳು ಈ ಕಾಯಿಲೆಯಿಲ್ಲದೆ ಬಾಳುತ್ತವೆ; ಎಸ್/ಎಸ್ ಇಲ್ಲದೆಯೂ ನಾಲ್ಕಕ್ಕೆ ಬರುತ್ತದೆ. ಎಸ್/ಎಸ್ ಬಂತೆಂದು ನಾಯಿಯನ್ನು ಮನೆಯಿಂದ ಹೊರಹಾಕುವುದು ಘೋರ ತಪ್ಪು. ಎನ್/ಎನ್ ಬಂತೆಂದು ಫಿಟ್ಸ್ ಬಂದಾಗ ಎನ್‌ಎಂಇ ಇರಲಾರದು ಎಂದು ಕೈಬಿಡುವುದೂ ಸರಿಯಲ್ಲ. ಈ ಪರೀಕ್ಷೆ ಕಾಯಿಲೆ ಹೇಳುವುದಿಲ್ಲ. ಯಾವ ಗಂಡಿಗೆ ಯಾವ ಹೆಣ್ಣು ಎಂದು ತೀರ್ಮಾನಿಸುವಾಗಲೇ ಅದರ ನಿಜವಾದ ಉಪಯೋಗ.

ನಿಯಮ ಇಷ್ಟೇ: ಎಸ್/ಎಸ್ ಮರಿ ಹುಟ್ಟುವ ಜೋಡಿ ಮಾಡಬೇಡಿ. ಎನ್/ಎಸ್ ಗಂಡಿಗೆ ಎನ್/ಎಸ್ ಹೆಣ್ಣನ್ನು ಕೊಟ್ಟರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಎಸ್/ಎಸ್. ಎಸ್/ಎಸ್ ಜೊತೆ ಎನ್/ಎಸ್ ಕೂಡಿಸಿದರೆ ಅರ್ಧ. ಎರಡೂ ಎಸ್/ಎಸ್ ಆದರೆ ಎಲ್ಲವೂ. ಆದರೆ ಜೋಡಿಯಲ್ಲಿ ಒಂದು ಎನ್/ಎನ್ ಆಗಿದ್ದರೆ ಇನ್ನೊಂದು ಏನೇ ಆಗಿರಲಿ, ಒಂದೇ ಒಂದು ಎಸ್/ಎಸ್ ಮರಿಯೂ ಹುಟ್ಟುವುದಿಲ್ಲ. ಬೇರೆಲ್ಲ ಗುಣದಲ್ಲೂ ಒಳ್ಳೆಯದಾಗಿರುವ ಎಸ್/ಎಸ್ ಹೆಣ್ಣಿದ್ದರೆ ಅದನ್ನು ಎನ್/ಎನ್ ಗಂಡಿಗೇ ಕೊಡಿ, ಮರಿಗಳೆಲ್ಲ ಎನ್/ಎಸ್. ಆ ಮರಿಗಳನ್ನು ಮುಂದೆ ಎನ್/ಎನ್ ಜೊತೆ ಕೂಡಿಸಿದರೆ ಅರ್ಧದಷ್ಟು ಪೂರ್ತಿ ಮುಕ್ತ.

ಹಾಗಾದರೆ ಅಪಾಯದ ಮಾದರಿ ಇರುವ ಎಲ್ಲವನ್ನೂ ತಳಿ ಎಬ್ಬಿಸುವುದರಿಂದಲೇ ಬಿಟ್ಟುಬಿಡೋಣ ಎಂದು ಉತ್ಸಾಹಿಗಳು ಕೇಳುತ್ತಾರೆ. ಬೇಡ. ನೂರರಲ್ಲಿ 40 ನಾಯಿಗಳನ್ನು ಒಂದೇ ಏಟಿಗೆ ಹೊರಗಿಟ್ಟರೆ ಮೊದಲೇ ಕಿರಿದಾಗಿರುವ ತಳಿಯ ವೈವಿಧ್ಯ ಇನ್ನೂ ಕುಗ್ಗುತ್ತದೆ. ಅದರಲ್ಲೂ ಡಿಎಲ್‌ಎ ಜಾಗದಲ್ಲಿ ವೈವಿಧ್ಯ ಕಳೆದುಕೊಂಡರೆ ಬೇರೆ ರೋಗಗಳಿಗೆ ಬಾಗಿಲು ತೆರೆದಂತೆ.

ಗಂಡು ನಾಯಿಗಳ ಕೊರತೆ ನಮ್ಮ ಊರುಗಳ ನಿಜವಾದ ತೊಡಕು. ಒಂದು ಊರಿನಲ್ಲಿ ಹೆಸರು ಮಾಡಿದ ಸ್ಟಡ್ ಒಂದೆರಡೇ ಇರುತ್ತವೆ. ಸುರತ್ಕಲ್‌ನಿಂದ ಕುಂದಾಪುರದವರೆಗೆ ಹೆಣ್ಣುಗಳು ಅವುಗಳ ಹತ್ತಿರವೇ ಹೋಗುವಂತಾದರೆ ಏನಾಗುತ್ತದೆ ನೋಡಿ. ಆ ಗಂಡು ಎನ್/ಎಸ್ ಆಗಿದ್ದು, ಹೆಣ್ಣುಗಳೆಲ್ಲ ಎನ್/ಎನ್ ಆಗಿದ್ದರೂ ಹೆಣ್ಣುಮರಿಗಳಲ್ಲಿ ಅರ್ಧ ಎನ್/ಎಸ್ ಆಗುತ್ತವೆ. ಎರಡು ವರ್ಷ ಕಳೆದು ಅದೇ ಹೆಣ್ಣುಮರಿಯನ್ನು ಗೊತ್ತಿಲ್ಲದೆ ಅಪ್ಪನ ಬಳಿಗೇ ಕ್ರಾಸ್‌ಗೆ ಕರೆತಂದರೆ ಹುಟ್ಟುವ ಪ್ರತಿ ಮರಿಗೂ ಎಸ್/ಎಸ್ ಆಗುವ ಸಾಧ್ಯತೆ ಎಂಟರಲ್ಲಿ ಒಂದು. ಅಣ್ಣ-ತಂಗಿ ಕೂಡುವುದೂ ಹೀಗೆಯೇ ನಡೆದುಹೋಗುತ್ತದೆ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ, ಜನರ ಬಾಯಲ್ಲಿ 'ಕೆಸಿಐ ಪೇಪರ್' ಎನಿಸಿದ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿರುವ ಅಜ್ಜ-ಅಜ್ಜಿಯರ ಹೆಸರುಗಳನ್ನು ಎರಡೂ ಕಡೆ ಹೋಲಿಸಿ ನೋಡಿ. ಒಂದೇ ಹೆಸರು ಎರಡು ಕಡೆ ಬಂದರೆ ಆ ಜೋಡಿ ಬೇಡ. ಆದರೆ ಪೇಪರ್ ಇದೆ ಎಂದ ಮಾತ್ರಕ್ಕೆ ಎನ್‌ಎಂಇ ಪರೀಕ್ಷೆ ಆಗಿದೆ ಎಂದರ್ಥವಲ್ಲ. ಅದು ವಂಶಾವಳಿಯ ದಾಖಲೆ, ಆರೋಗ್ಯದ ದಾಖಲೆ ಬೇರೆಯೇ.

ಪರೀಕ್ಷೆಗೆ ಕೆನ್ನೆಯಿಂದ ಮಾದರಿ ತೆಗೆಯುವ ಕ್ರಮವನ್ನೂ ಹೇಳಬೇಕು. ಮಳೆಗಾಲದ ಕರಾವಳಿಯಲ್ಲಿ ಕೆಡುವುದು ಅಲ್ಲೇ. ನಾಯಿಗೆ ತಿಂಡಿ ಕೊಟ್ಟು ಕನಿಷ್ಠ ಒಂದು ಗಂಟೆ ಕಳೆದಿರಬೇಕು. ಹಾಲು ಕುಡಿಯುವ ಮರಿಯನ್ನು ಅಷ್ಟು ಹೊತ್ತು ತಾಯಿಯಿಂದ ಬೇರೆ ಇಡಬೇಕು, ಇಲ್ಲವಾದರೆ ತಾಯಿಯ ಕಣಗಳೂ ಬ್ರಷ್‌ಗೆ ಹತ್ತುತ್ತವೆ. ಬಾಯಿಗೆ ನೀರು ಹಾಕಿ ತೊಳೆಯಿರಿ. ಪ್ರಯೋಗಾಲಯ ಕೊಟ್ಟ ಬ್ರಷ್‌ನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟು 10-15 ಸೆಕೆಂಡು ತಿರುಗಿಸುತ್ತಾ ಉಜ್ಜಿ. ಬರೀ ಜೊಲ್ಲು ಸಾಲದು, ಚರ್ಮದ ಕಣ ಬರಬೇಕು. ಆಮೇಲೆ ಬ್ರಷ್ ಯಾವುದಕ್ಕೂ ತಾಗದಂತೆ ಫ್ಯಾನ್ ಕೆಳಗೆ ಚೆನ್ನಾಗಿ ಒಣಗಬೇಕು. ಜೂನ್-ಜುಲೈ ತಿಂಗಳಲ್ಲಿ ಇದಕ್ಕೆ ಹತ್ತು ನಿಮಿಷ ಎಲ್ಲಿ ಸಾಕಾಗುತ್ತದೆ, ಒಂದೆರಡು ಗಂಟೆ ಬಿಡಿ. ಕಾಗದದ ಲಕೋಟೆಯಲ್ಲಿ ಹಾಕಿ. ಒದ್ದೆ ಬ್ರಷ್‌ನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದರೆ ದಾರಿಯಲ್ಲೇ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಒಂದೊಂದು ನಾಯಿಗೂ ಕೈತೊಳೆದು ಹೊಸ ಬ್ರಷ್. ಲಕೋಟೆಯ ಮೇಲೆ ಮೈಕ್ರೋಚಿಪ್ ಸಂಖ್ಯೆ ಬರೆಯಿರಿ. 'ಬ್ರೂನೋ' ಎಂದಷ್ಟೇ ಬರೆದರೆ ನಾಳೆ ಅದು ಯಾವ ಬ್ರೂನೋ ಎಂದು ಯಾರೂ ಸಾಬೀತು ಮಾಡಲಾರರು. ಬ್ರಷ್ ಬದಲು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಕೊಡಬಹುದೇ ಎಂದು ಪ್ರಯೋಗಾಲಯದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಈ ಎನ್ ಮತ್ತು ಎಸ್ ಲೆಕ್ಕ ಪಗ್ ತಳಿಗೆ ಮಾತ್ರ. ಮಾಲ್ಟೀಸ್ ನಾಯಿಗಳಲ್ಲಿ 2014ರಲ್ಲಿ ಕಂಡ ಅಪಾಯದ ತಾಣಗಳು ಬೇರೆ. 4 ಮತ್ತು 15ನೇ ವರ್ಣತಂತುಗಳಲ್ಲಿ, ಐಎಲ್7ಆರ್ ಮತ್ತು ಎಫ್‌ಬಿಎಕ್ಸ್‌ಡಬ್ಲ್ಯು7 ಎಂಬ ವಂಶವಾಹಿಗಳ ಆಸುಪಾಸಿನಲ್ಲಿ. ಶಿಟ್ಜು ಮರಿ ಮಾರುವವರು ಪಗ್ ಪರೀಕ್ಷೆಯ 'ಎನ್/ಎನ್' ತೋರಿಸಿ ಭರವಸೆ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ಅಂಥ ತಳಿಗಳಲ್ಲಿ ಸದ್ಯಕ್ಕೆ ಇರುವ ದಾರಿ ಹಳೆಯದೇ: ಅಪ್ಪ, ಅಮ್ಮ, ಒಡಹುಟ್ಟಿದ ಮರಿಗಳಲ್ಲಿ ಯಾವುದಕ್ಕಾದರೂ ಮೂರು ವರ್ಷದೊಳಗೆ ಫಿಟ್ಸ್, ಕುರುಡು, ಸುತ್ತು ತಿರುಗುವುದು ಇತ್ತೇ ಎಂದು ಬಿಡದೆ ಕೇಳುವುದು.

ಇನ್ನು, ಸಾಕಿದ ನಾಯಿಗೆ ಫಿಟ್ಸ್ ಬಂದೇಬಿಟ್ಟರೆ? ಬಾಯಿಗೆ ಕೈ ಹಾಕಬೇಡಿ, ನೀರು ಹೊಯ್ಯಬೇಡಿ. ಕಾಲಿಗೆ ಕಬ್ಬಿಣದ ಕೀಲಿ ಕೈ ಒತ್ತುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ, ಫೋನಿನಲ್ಲಿ ವಿಡಿಯೊ ಮಾಡಿ. ಐದು ನಿಮಿಷ ಮೀರಿದರೆ, ಅಥವಾ 24 ಗಂಟೆಯಲ್ಲಿ ಎರಡನೇ ಸಲ ಬಂದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಮೂಗು ಗಿಡ್ಡಗಿರುವ ಪಗ್‌ಗೆ ನಮ್ಮ ಸೆಕೆಯಲ್ಲಿ ಫಿಟ್ಸ್ ಬಂದರೆ ಮೈ ಕಾವು ಬೇಗ ಏರುತ್ತದೆ. ಕಾರಿನ ಎಸಿ ಹಾಕಿ, ಹೊಟ್ಟೆ ಮತ್ತು ಪಾದಗಳನ್ನು ತಣ್ಣೀರಲ್ಲಿ ಒದ್ದೆ ಮಾಡಿ.

ಫಿಟ್ಸ್ ನಿಂತ ಮಾರನೇ ದಿನ ನಾಯಿ ಹೇಗಿದೆ ಎಂಬುದರಲ್ಲೇ ಹೆಚ್ಚಿನ ಸುಳಿವು. ಸಾಮಾನ್ಯ ಅಪಸ್ಮಾರದ ನಾಯಿ ಎರಡು ಫಿಟ್ಸ್‌ಗಳ ನಡುವೆ ಪೂರ್ತಿ ಸರಿಯಿರುತ್ತದೆ. ಮಿದುಳಲ್ಲೇ ಉರಿಯೂತವಿದ್ದರೆ ಏನಾದರೂ ಉಳಿದಿರುತ್ತದೆ. ನಾಯಿಯನ್ನು ಹಾಲ್‌ನಲ್ಲಿ ಬಿಟ್ಟು ನೋಡಿ: ಸದಾ ಒಂದೇ ಬದಿಗೆ ಸುತ್ತು ತಿರುಗುತ್ತಿದೆಯೇ, ಮೂಲೆಗೆ ಹೋಗಿ ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆಯೇ? ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಎದುರು ಗಾಳಿ ತಾಗದಂತೆ ಬೆರಳು ತನ್ನಿ. ಕಣ್ಣು ಮಿಟುಕಿಸದಿದ್ದರೆ ಬರೆದಿಟ್ಟುಕೊಳ್ಳಿ. ಮೈಯ ಭಾರವನ್ನು ಕೈಯಲ್ಲಿ ಆಧರಿಸಿ ಒಂದು ಪಾದವನ್ನು ಮಗುಚಿ, ಬೆರಳಿನ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ತಕ್ಷಣ ಪಾದವನ್ನು ತಿರುಗಿಸಿ ಇಡುತ್ತದೆ. ಮಿದುಳಿನ ಒಂದು ಬದಿ ಕೆಟ್ಟಿದ್ದರೆ ಎದುರು ಬದಿಯ ಪಾದ ಹಾಗೇ ಮಗುಚಿಕೊಂಡು ಉಳಿಯುತ್ತದೆ. ಆದರೆ ನಾಯಿ ಗುರುತು ಹಿಡಿಯುತ್ತಿಲ್ಲ, ಕಚ್ಚಲು ಬರುತ್ತಿದೆ, ಗಂಟಲು ಸೋತು ಜೊಲ್ಲು ಇಳಿಸುತ್ತಿದೆ ಎಂದಾದರೆ ಈ ಯಾವ ಪರೀಕ್ಷೆಯನ್ನೂ ಮನೆಯಲ್ಲಿ ಮಾಡಬೇಡಿ.

ಏಕೆಂದರೆ ನಮ್ಮ ದೇಶದಲ್ಲಿ ನಡವಳಿಕೆ ಬದಲಾದ ಯಾವ ನಾಯಿಯಲ್ಲೂ ಮೊದಲು ಯೋಚಿಸಬೇಕಾದ್ದು ರೇಬಿಸ್. ಲಸಿಕೆ ಪುಸ್ತಕ ಜೊತೆಗೆ ತನ್ನಿ. ಲಸಿಕೆ ಆಗಿಲ್ಲವಾದರೆ, ಬೀದಿ ನಾಯಿ ಕಚ್ಚಿದ ಶಂಕೆಯಿದ್ದರೆ, ಕೈಗವಸಿಲ್ಲದೆ ಮುಟ್ಟಬೇಡಿ. ಜೊಲ್ಲು ಗಾಯಕ್ಕೋ ಕಣ್ಣಿಗೋ ತಾಗಿದ್ದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ, ಕಣ್ಣನ್ನು ಬರೀ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಪಗ್ ಮನೆಯೊಳಗಿನ ನಾಯಿ, ಅದಕ್ಕೆಲ್ಲಿ ರೇಬಿಸ್ ಎಂಬ ಸಡಿಲಿಕೆ ಬೇಡ.

ಎರಡನೆಯದು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ. ಕಣ್ಣು-ಮೂಗಿನಲ್ಲಿ ಕೀವು, ದಪ್ಪಗಾದ ಪಾದ, ನಿದ್ದೆಯಲ್ಲೂ ಬಿಡದೆ ಒಂದೇ ಸ್ನಾಯು ತಾಳ ಹಾಕಿದಂತೆ ಅದುರುವುದು ಇದ್ದರೆ ಅದೇ ಗುಮಾನಿ. ಆದರೆ ಇವೇನೂ ಇಲ್ಲದೆ ಬರೀ ಫಿಟ್ಸ್ ಬರುವುದೂ ಉಂಟು. ಮೂತ್ರ ಮತ್ತು ಕಣ್ಣಿನ ಸ್ವಾಬ್‌ನಲ್ಲಿ ಆರ್‌ಟಿ-ಪಿಸಿಆರ್ ಮಾಡಿಸಬೇಕು. ರಕ್ತದ ಸಕ್ಕರೆ, ಯಕೃತ್ತು, ಟಾಕ್ಸೊಪ್ಲಾಸ್ಮಾ ಮತ್ತು ನಿಯೋಸ್ಪೊರಾ ಎಂಬ ಪರಾವಲಂಬಿಗಳು ಕೂಡ ಪಟ್ಟಿಯಲ್ಲಿರಬೇಕು. ಮಳೆಗಾಲದ ರಾತ್ರಿ ನೆಲಗಪ್ಪೆ ಕಚ್ಚಿದ ನಾಯಿಗೂ ಜೊಲ್ಲು ಸುರಿದು ಫಿಟ್ಸ್ ಬರುತ್ತದೆ. ಅದು ಗಂಟೆಗಳ ಲೆಕ್ಕದ ಕಾಯಿಲೆ, ವಾರಗಳದ್ದಲ್ಲ.

ಮೂರನೆಯದಾದ ಉಣ್ಣಿ ಜ್ವರದಲ್ಲೇ ನಮ್ಮ ಕಡೆ ಹೆಚ್ಚು ಮೋಸಹೋಗುವುದು. ಉಣ್ಣಿ ಹರಡುವ ಎರ್ಲಿಕಿಯಾ, ಬೆಬೀಸಿಯಾ ರೋಗಾಣುಗಳು ಕರಾವಳಿಯಲ್ಲಿ ವರ್ಷವಿಡೀ ಇರುತ್ತವೆ. ಪಗ್‌ಗೆ ಫಿಟ್ಸ್ ಬಂತು, ಮೈಯಲ್ಲಿ ಉಣ್ಣಿ ಸಿಕ್ಕಿತು, ಉಣ್ಣಿ ಜ್ವರದ ಮದ್ದು ಡಾಕ್ಸಿಸೈಕ್ಲಿನ್ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಆಯಿತು. ಎರಡೇ ದಿನದಲ್ಲಿ ನಾಯಿ ಎದ್ದು ಓಡಾಡುತ್ತದೆ. ಉಣ್ಣಿ ಜ್ವರವೇ ಇತ್ತು, ಗುಣವಾಯಿತು ಎಂದು ಎಲ್ಲರಿಗೂ ಸಮಾಧಾನ. ವಾರ ಹತ್ತು ದಿನ ಕಳೆದು ಸ್ಟಿರಾಯ್ಡ್ ಇಳಿದ ಕೂಡಲೇ ಫಿಟ್ಸ್ ಮರಳಿ ಬರುತ್ತದೆ, ಈ ಸಲ ಇನ್ನೂ ಜೋರಾಗಿ. ಮೊದಲು ಗುಣ ಕಂಡದ್ದು ಡಾಕ್ಸಿಸೈಕ್ಲಿನ್‌ನಿಂದಲ್ಲ, ಸ್ಟಿರಾಯ್ಡ್ ಉರಿಯೂತವನ್ನು ತಾತ್ಕಾಲಿಕವಾಗಿ ಅದುಮಿದ್ದರಿಂದ. ಇದಲ್ಲದೆ, ಸ್ಟಿರಾಯ್ಡ್ ಕೊಟ್ಟ ಮೇಲೆ ಮಿದುಳಿನ ನೀರಿನ ಪರೀಕ್ಷೆ ಮಾಡಿದರೆ ಕಣಗಳ ಸಂಖ್ಯೆ ಸುಳ್ಳು ಹೇಳುತ್ತದೆ; ನಿಜಕ್ಕೂ ಡಿಸ್ಟೆಂಪರ್ ಅಥವಾ ಟಾಕ್ಸೊಪ್ಲಾಸ್ಮಾ ಇದ್ದರೆ ಕಾಯಿಲೆ ಉಲ್ಬಣಿಸುತ್ತದೆ. ಜೀವಕ್ಕೆ ಅಪಾಯವಿಲ್ಲದಿದ್ದರೆ ರಕ್ತ, ಮೂತ್ರ, ಸ್ವಾಬ್ ತೆಗೆದಿಟ್ಟ ಮೇಲೆಯೇ ಮೊದಲ ಸ್ಟಿರಾಯ್ಡ್ ಕೊಡಿ ಎಂದು ನಮ್ಮ ವೃತ್ತಿಯ ಗೆಳೆಯರನ್ನೂ ಕೇಳಿಕೊಳ್ಳುತ್ತೇವೆ.

ಉಣ್ಣಿ ಮಾತ್ರೆಯ ಬಗ್ಗೆ ಇನ್ನೊಂದು ಎಚ್ಚರ. ಫ್ಲುರಾಲೆನರ್, ಅಫಾಕ್ಸೊಲೆನರ್ ಜಾತಿಯ ಅಗಿಯುವ ಮಾತ್ರೆಗಳು ಕೆಲವು ನಾಯಿಗಳಲ್ಲಿ ಫಿಟ್ಸ್ ತರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಆರೋಗ್ಯವಂತ ನಾಯಿಗೆ ಇವು ಒಳ್ಳೆಯವೇ. ಒಮ್ಮೆ ಫಿಟ್ಸ್ ಬಂದ ನಾಯಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ. ಅಂಥದ್ದಕ್ಕೆ ಫಿಪ್ರೋನಿಲ್‌ನಂಥ ಹಚ್ಚುವ ಔಷಧವೇ ಮೇಲು.

ಖಚಿತತೆಯ ಹತ್ತಿರ ಬರಲು ಎಂಆರ್‌ಐ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕು. ಎಂಆರ್‌ಐ ಮೊದಲು. ಮಿದುಳು ಊದಿ ಒತ್ತಡ ಏರಿರುವಾಗ ಸೂಜಿ ಹಾಕಿದರೆ ಮಿದುಳು ಕೆಳಕ್ಕೆ ಜಾರಿ ಉಸಿರು ನಿಲ್ಲಬಹುದು. ನೀರಿನಲ್ಲಿ ಒಂದು ಮೈಕ್ರೊಲೀಟರಿಗೆ ಐದಕ್ಕಿಂತ ಹೆಚ್ಚು ಬಿಳಿಕಣಗಳಿದ್ದರೆ ಅಸಹಜ. ಇದಕ್ಕಾಗಿ ಬೆಂಗಳೂರಿಗೆ ಹೋಗುವುದಾದರೆ ಶಿರಾಡಿ ಘಾಟಿಯ ಸುಮಾರು 350 ಕಿ.ಮೀ. ದಾರಿಯನ್ನು ಲೆಕ್ಕ ಹಾಕಿಯೇ ಹೊರಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆಯೇ ನೋಡಿ. ದಾರಿಯಲ್ಲಿ ಫಿಟ್ಸ್ ಬಂದರೆ ಗುದದ ಮೂಲಕ ಹಾಕಲು ಡಯಾಜಿಪಾಮ್ ಎಷ್ಟು ಎಂದು ವೈದ್ಯರಿಂದ ಬರೆಸಿಕೊಂಡು, ಸಿರಿಂಜ್ ಸಹಿತ ಜೊತೆಗಿರಲಿ. ಅರಿವಳಿಕೆ ಕೊಡುವುದರಿಂದ ಹೊಟ್ಟೆ ಎಷ್ಟು ಗಂಟೆ ಖಾಲಿ ಇರಬೇಕು ಎಂದು ಮೊದಲೇ ಕೇಳಿ.

ಚಿಕಿತ್ಸೆ ಇದೆ, ಬೇರುಸಹಿತ ಕೀಳುವ ಮದ್ದು ಇಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ಮೈತೂಕದ ಕೆ.ಜಿ.ಗೆ ದಿನಕ್ಕೆ 1ರಿಂದ 2 ಮಿ.ಗ್ರಾಂ ಶುರುಮಾಡಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ದಪ್ಪಗಾಯಿತು, ಪದೇ ಪದೇ ಉಚ್ಚೆ ಹೊಯ್ಯುತ್ತದೆ ಎಂದು ಮನೆಯವರೇ ಒಂದು ದಿನ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ನಾಯಿ ಕುಸಿಯುತ್ತದೆ, ಮಿದುಳಿನ ಉರಿಯೂತವೂ ಮರುಕಳಿಸುತ್ತದೆ. ಜೊತೆಗೆ ರಕ್ಷಣಾ ಕಣಗಳನ್ನು ಹತ್ತಿಕ್ಕುವ ಸೈಟರಬೀನ್ ಇಂಜೆಕ್ಷನ್: ಮೈ ವಿಸ್ತೀರ್ಣದ ಚದರ ಮೀಟರಿಗೆ 50 ಮಿ.ಗ್ರಾಂ, 12 ಗಂಟೆಗೊಮ್ಮೆ, ಎರಡು ದಿನದಲ್ಲಿ ನಾಲ್ಕು ಸಲ, ಮೂರು ವಾರಕ್ಕೊಮ್ಮೆ ಮತ್ತೆ. 8 ಕೆ.ಜಿ. ಪಗ್‌ನ ಮೈ ವಿಸ್ತೀರ್ಣ ಸುಮಾರು 0.4 ಚದರ ಮೀಟರ್, ಹಾಗಾಗಿ ಸಲಕ್ಕೆ 20 ಮಿ.ಗ್ರಾಂ. ಇದನ್ನು ತಪ್ಪಿ ಕೆ.ಜಿ.ಗೆ 50 ಎಂದು ಓದಿದರೆ 400 ಮಿ.ಗ್ರಾಂ ಆಗುತ್ತದೆ, ಇಪ್ಪತ್ತು ಪಟ್ಟು. ಅದಕ್ಕೇ ಲೆಕ್ಕವನ್ನು ಇಬ್ಬರು ನೋಡಬೇಕು. ಚುಚ್ಚಿದ 10-14 ದಿನಕ್ಕೆ ರಕ್ತಕಣಗಳ ಎಣಿಕೆ ಆಗಬೇಕು. ಆ ದಿನಗಳಲ್ಲಿ ನಾಯಿಯ ಮಲಮೂತ್ರವನ್ನು ಕೈಗವಸು ಹಾಕಿ ತೆಗೆಯಿರಿ, ಗರ್ಭಿಣಿಯರು ಮುಟ್ಟುವುದು ಬೇಡ.

ಫಿಟ್ಸ್‌ಗೆ ಫೆನೋಬಾರ್ಬಿಟಾಲ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ನೆಲೆನಿಲ್ಲಲು ಎರಡು ವಾರ ಬೇಕು. ಮೂರೇ ದಿನಕ್ಕೆ 'ಮಾತ್ರೆ ಕೆಲಸ ಮಾಡುತ್ತಿಲ್ಲ' ಎಂದು ಬದಲಿಸಬೇಡಿ. ಲೆವೆಟಿರಸೆಟಮ್ ಎಂಟು ಗಂಟೆಗೊಮ್ಮೆ ಕೊಡುವ ಔಷಧ. ಮೆಡಿಕಲ್‌ನವರು ಮಾತ್ರೆ ಬದಲು ಮಕ್ಕಳ ಸಿರಪ್ ಕೊಟ್ಟರೆ ಲೇಬಲ್ ಓದಿ. ಸಕ್ಕರೆಗೆ ಬದಲಾಗಿ ಕ್ಸೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ. ಸ್ಟಿರಾಯ್ಡ್ ನಡೆಯುವಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ. ಲಸಿಕೆಯೇ ಇದಕ್ಕೆಲ್ಲ ಕಾರಣ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ, ಅದಕ್ಕೆ ಆಧಾರವಿಲ್ಲ. ಆ ಮಾತು ನಂಬಿ ಮರಿಗೆ ಡಿಸ್ಟೆಂಪರ್, ರೇಬಿಸ್ ಲಸಿಕೆ ತಪ್ಪಿಸಿದರೆ ಎನ್‌ಎಂಇಗಿಂತ ಎಷ್ಟೋ ಹೆಚ್ಚು ನಾಯಿಗಳು ಸಾಯುತ್ತವೆ.

ನಾಯಿ ಉಳಿಯದೇ ಹೋದರೆ, ನೋವಿನ ಆ ಹೊತ್ತಿನಲ್ಲೇ ಒಂದು ಮಾತು ಕೇಳಲೇಬೇಕಾಗಿದೆ: ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ. ಎನ್‌ಎಂಇ ಎಂದು ಖಚಿತವಾಗುವುದು ಮಿದುಳಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ನಮ್ಮ ಸೆಕೆಯಲ್ಲಿ ಮಿದುಳು ಬೇಗ ಕರಗುತ್ತದೆ, ಕೆಲವೇ ಗಂಟೆಗಳಲ್ಲಿ ಆಗಬೇಕು. ತಡವಾಗುವುದಾದರೆ ದೇಹವನ್ನು ತಂಪಿನಲ್ಲಿಡಿ. ಫ್ರೀಜರಿನಲ್ಲಿ ಬೇಡ, ಮಂಜುಗಡ್ಡೆಯ ಹರಳು ಅಂಗಾಂಶವನ್ನು ಸೀಳುತ್ತದೆ. ಮಿದುಳಿನ ಹತ್ತು ಪಟ್ಟು ಪ್ರಮಾಣದ ಶೇ. 10ರ ಫಾರ್ಮಲಿನ್‌ನಲ್ಲಿ ಇಡಬೇಕು. ರೇಬಿಸ್ ಗುಮಾನಿ ಇದ್ದರೆ ಕ್ಲಿನಿಕ್‌ನಲ್ಲಿ ತಲೆ ತೆರೆಯಬಾರದು. ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಪ್ರಯೋಗಾಲಯದ ಸೂಚನೆಯಂತೆ ನಡೆಯಬೇಕು. ಫಲಿತಾಂಶ ಬಂದ ಮೇಲೆ ಮರಿ ಕೊಟ್ಟವರಿಗೆ ಫೋನ್ ಮಾಡಿ ತಿಳಿಸಿ. ಜಗಳಕ್ಕಲ್ಲ, ಅದೇ ಜೋಡಿಯನ್ನು ಮತ್ತೆ ಕೂಡಿಸದಿರಲು, ಒಡಹುಟ್ಟಿದ ಮರಿಗಳನ್ನು ಪರೀಕ್ಷಿಸಲು ಅವರಿಗೆ ಆ ಸುದ್ದಿ ಬೇಕು.

ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಕೇಂದ್ರ ನಿಯಮಗಳು 2017ರಿಂದಲೇ ಜಾರಿಯಲ್ಲಿವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಮೈಕ್ರೋಚಿಪ್ ಹಾಕಿಸಬೇಕು, ದಾಖಲೆ ಇಡಬೇಕು. ವಂಶವಾಹಿ ಪರೀಕ್ಷೆ ಕಡ್ಡಾಯವಲ್ಲ. ಆದರೆ ಮೈಕ್ರೋಚಿಪ್ ಮತ್ತು ದಾಖಲೆ ಸರಿಯಿದ್ದರೆ ಯಾವ ಮರಿ ಯಾವ ಜೋಡಿಯದು ಎಂಬುದು ತಿಳಿಯುತ್ತದೆ, ಉಳಿದದ್ದಕ್ಕೆ ಅದೇ ಅಡಿಪಾಯ. ದಕ್ಷಿಣ ಕನ್ನಡ ಮತ್ತು ಉಡುಪಿಯ ಪಶುಪಾಲನಾ ಇಲಾಖೆ ಹಾಗೂ ಜಿಲ್ಲಾ ಪ್ರಾಣಿ ದಯಾ ಸಂಘಗಳು ನೋಂದಣಿಯ ತಪಾಸಣೆ ಮಾಡುವಾಗ, ಪಗ್ ಇರುವ ಕಡೆ ಎನ್‌ಎಂಇ ಫಲಿತಾಂಶಕ್ಕೂ ಒಂದು ಕಾಲಂ ಇಡಲಿ. ಮರಿ ಕೊಳ್ಳುವವರು ಚಿಪ್ ಸಂಖ್ಯೆ ನಮೂದಿಸಿರುವ ಅಪ್ಪ-ಅಮ್ಮನ ವರದಿ ನೋಡಿದ ಮೇಲೆಯೇ ಮುಂಗಡ ಕೊಡಲಿ. ತಮ್ಮ ಪತ್ರಿಕೆಯಲ್ಲೂ ನಾಯಿಮರಿಗಳ ಕಿರು ಜಾಹೀರಾತು ತೆಗೆದುಕೊಳ್ಳುವಾಗ ಮಾರುವವರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಜಾಹೀರಾತಿನಲ್ಲೇ ಅಚ್ಚು ಹಾಕಬೇಕೆಂದು ವಿನಂತಿಸುತ್ತೇವೆ.

ಇತಿ,
ಸಾಕುನಾಯಿಗಳ ಚಿಕಿತ್ಸೆಯಲ್ಲಿರುವ ಪಶುವೈದ್ಯರು
ಮಂಗಳೂರು – ಉಡುಪಿ